ವಿದ್ಯುತ್ಪೆಟ್ಟಿಗೆಯನ್ನು ಬದಲಿಸಿದ ಮೇಲೆ

ಕೆಟ್ಟುಹೋದ ಯಂತ್ರಕ್ಕೆ ಹೊಸ ಭಾಗವನ್ನು ಹಾಕಿದೊಡನೆ ಅದು ಮೊದಲಿನಂತೆ ನಡೆಯತಕ್ಕದ್ದೆಂದು ನಾವೆಲ್ಲರೂ ನಿರೀಕ್ಷಿಸುತ್ತೇವೆ. ನಡೆಯದೆ ಹೋದರೆ ಮನಸ್ಸು ಎರಡೇ ದಾರಿಗಳಲ್ಲಿ ಓಡುತ್ತದೆ: ‘ಹೊಸ ಭಾಗವೇ ಕೆಟ್ಟದ್ದು’ ಎಂಬುದೊಂದು, ‘ಯಂತ್ರವೇ ಸತ್ತುಹೋಯಿತು’ ಎಂಬುದಿನ್ನೊಂದು. ಈ ಎರಡು ತೀರ್ಮಾನಗಳೂ ಅನೇಕ ವೇಳೆ ಅವಸರದವು. ಹಳೆಯ ಭಾಗವನ್ನು ತೆಗೆದು ಹೊಸದನ್ನು ಇಡುವಷ್ಟರಲ್ಲಿ ನಮ್ಮ ಕೈ ಹತ್ತಾರು ತಂತಿಗಳನ್ನು ಕಿತ್ತು ಮತ್ತೆ ಜೋಡಿಸಿರುತ್ತದೆ. ಆದುದರಿಂದ ದೋಷವನ್ನು ಮೊದಲು ಹುಡುಕಬೇಕಾದುದು ಆ ಕೈ ಹೋದ ದಾರಿಯಲ್ಲಿ. ಮೇಜಿನ ಮೇಲಿನ ಗಣಕಯಂತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಚಾರವನ್ನು ಕ್ರಮವಾಗಿ ನೋಡೋಣ.

ನಾನು ಈಗ ವಾಸಿಸುತ್ತಿರುವ ಭೀಮುನಿಪಟ್ಟಣವು ವಿಶಾಖಪಟ್ಟಣದ ಈಶಾನ್ಯಕ್ಕೆ, ಗೋಸ್ತನಿ ನದಿಯು ಬಂಗಾಳ ಕೊಲ್ಲಿಯನ್ನು ಸೇರುವ ಎಡೆಯಲ್ಲಿದೆ. ಕಡಲ ಗಾಳಿ ಇಲ್ಲಿ ಹಗಲಿರುಳೂ ಬೀಸುತ್ತದೆ. ಆ ಗಾಳಿಯೊಡನೆ ಉಪ್ಪಿನ ಸೂಕ್ಷ್ಮ ಕಣಗಳು ಮನೆಯೊಳಕ್ಕೆ ಬರುತ್ತವೆ. ಅಡಿಗೆಮನೆಯ ಉಪ್ಪಿನ ಜಾಡಿ ಮಳೆಗಾಲದಲ್ಲಿ ಒದ್ದೆಯಾಗುವುದನ್ನು ನೀವು ಕಂಡಿರುವಿರಿ. ಉಪ್ಪು ಗಾಳಿಯ ತೇವವನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಲೋಹದ ಮೇಲೆ ಕುಳಿತ ಉಪ್ಪು ಮಾಡುವ ಕೆಲಸವೂ ಇದೇ. ಕಿಟಕಿಯ ಸರಳಿಗೆ ತುಕ್ಕು ಹಿಡಿಯುವಂತೆ ಯಂತ್ರದೊಳಗಿನ ಸಣ್ಣ ಸಣ್ಣ ಲೋಹದ ಕೊಂಡಿಗಳೂ ಮಂಕಾಗುತ್ತವೆ. ಕಾರವಾರ, ಮಂಗಳೂರುಗಳ ಕಡೆಯವರಿಗೆ ಇದು ಹೊಸ ಮಾತಲ್ಲ. ಇದರ ಮೇಲೆ ಬಿರುಗಾಳಿಯ ಕಾಟ. ೨೦೧೪ನೆಯ ಅಕ್ಟೋಬರ್ ೧೨ರಂದು ಹುದ್‌ಹುದ್ ಎಂಬ ಚಂಡಮಾರುತವು ವಿಶಾಖಪಟ್ಟಣದ ಬಳಿ ನೆಲವನ್ನು ಹೊಕ್ಕಾಗ ಕಂಬಗಳು ಉರುಳಿ, ಈ ಕರಾವಳಿಯಲ್ಲಿ ದಿನಗಟ್ಟಲೆ ವಿದ್ಯುತ್ತಿರಲಿಲ್ಲ. ಅಂತಹ ದೊಡ್ಡ ವಿಪತ್ತು ಅಪರೂಪ. ಆದರೆ ಗಾಳಿಮಳೆಗೆ ‘ಕರೆಂಟು’ ಹೋಗುವುದು, ಮರಳಿ ಬರುವಾಗ ಒಮ್ಮೆಲೆ ನುಗ್ಗಿ ಬರುವುದು ಸಾಮಾನ್ಯ. ಆ ಏಟನ್ನು ಮೊದಲು ತಿನ್ನುವುದು ಗಣಕಯಂತ್ರದ ವಿದ್ಯುತ್ಪೆಟ್ಟಿಗೆ. ಅಂಗಡಿಯವರು ಅದನ್ನು ಪವರ್ ಸಪ್ಲೈ ಎನ್ನುವರು.

ವಿದ್ಯುತ್ಪೆಟ್ಟಿಗೆಯ ಕೆಲಸ

ನಮ್ಮ ಮನೆಗಳಿಗೆ ಬರುವುದು ೨೩೦ ವೋಲ್ಟಿನ ಪರ್ಯಾಯ ಪ್ರವಾಹ. ಅದು ಒಂದು ಸೆಕೆಂಡಿಗೆ ೫೦ ಆವರ್ತನಗಳಂತೆ ದಿಕ್ಕನ್ನು ಬದಲಿಸುತ್ತಲೇ ಇರುತ್ತದೆ. ಗಣಕಯಂತ್ರದ ಒಳಗಿನ ಭಾಗಗಳಿಗೆ ಬೇಕಾದುದಾದರೋ ಒಂದೇ ದಿಕ್ಕಿನಲ್ಲಿ ಹರಿಯುವ, ಬಹಳ ಕಡಿಮೆ ಒತ್ತಡದ ಪ್ರವಾಹ: ೧೨ ವೋಲ್ಟು, ೫ ವೋಲ್ಟು ಮತ್ತು ೩.೩ ವೋಲ್ಟು. ದೊಡ್ಡ ನಾಲೆಯ ನೀರನ್ನು ತೂಬಿನ ಮೂಲಕ ತಗ್ಗಿಸಿ ಗದ್ದೆಗೆ ಬೇಕಾದಷ್ಟನ್ನೇ ಬಿಡುವ ನೀರುಗಂಟಿಯ ಕೆಲಸವನ್ನು ಈ ಪೆಟ್ಟಿಗೆ ಮಾಡುತ್ತದೆ. ಒತ್ತಡವು ನೂರಕ್ಕೆ ಐದರಷ್ಟು ಮಾತ್ರ ಹೆಚ್ಚುಕಡಿಮೆಯಾಗಬಹುದೆಂದು ನಿಯಮ. ಎಂದರೆ ೧೨ ವೋಲ್ಟಿನ ತಂತಿಯಲ್ಲಿ ೧೧.೪ರಿಂದ ೧೨.೬ರವರೆಗೆ, ೫ ವೋಲ್ಟಿನ ತಂತಿಯಲ್ಲಿ ೪.೭೫ರಿಂದ ೫.೨೫ರವರೆಗೆ ಇರಬಹುದು.

ಇನ್ನೊಂದು ಸಂಗತಿಯನ್ನು ಗಮನಿಸಿರಿ. ಗೋಡೆಯ ಸ್ವಿಚ್ಚನ್ನೂ ಪೆಟ್ಟಿಗೆಯ ಹಿಂಭಾಗದ ಸ್ವಿಚ್ಚನ್ನೂ ಹಾಕಿದಾಕ್ಷಣ ಪೆಟ್ಟಿಗೆ ಪೂರ್ಣವಾಗಿ ಎಚ್ಚರಗೊಳ್ಳುವುದಿಲ್ಲ. ಕಾವಲುಗಾರನಂತೆ ೫ ವೋಲ್ಟಿನ ಒಂದು ಸಣ್ಣ ಪ್ರವಾಹ ಮಾತ್ರ ಸದಾ ಹರಿಯುತ್ತಿರುತ್ತದೆ. ನಾವು ಮುಂಭಾಗದ ಗುಂಡಿಯನ್ನು ಒತ್ತಿದಾಗ ಮದರ್‌ಬೋರ್ಡ್ ಎಂಬ ತಾಯಿಹಲಗೆಯು ಒಂದು ತಂತಿಯ ಮೂಲಕ ಪೆಟ್ಟಿಗೆಗೆ ‘ಏಳು’ ಎಂಬ ಸಂಕೇತವನ್ನು ಕೊಡುತ್ತದೆ. ಪೆಟ್ಟಿಗೆ ಎದ್ದು, ತನ್ನ ಒತ್ತಡಗಳೆಲ್ಲ ಸರಿಯಾಗಿವೆಯೆಂದು ಕಂಡ ಮೇಲೆ, ಸೆಕೆಂಡಿನ ಹತ್ತರಲ್ಲೊಂದು ಪಾಲಿನಿಂದ ಅರ್ಧ ಸೆಕೆಂಡಿನೊಳಗೆ, ‘ಎಲ್ಲವೂ ಕ್ಷೇಮ’ ಎಂಬ ಮರುಸಂಕೇತವನ್ನು ಕಳುಹಿಸುತ್ತದೆ. ಅದು ಬಂದ ಮೇಲೆಯೇ ಪ್ರೊಸೆಸರು ಕೆಲಸವನ್ನಾರಂಭಿಸುವುದು. ಆದುದರಿಂದ ಗಣಕಯಂತ್ರ ಏಳುವುದೆಂದರೆ ಒಂದು ದೀಪ ಹತ್ತಿದಂತಲ್ಲ, ಅದೊಂದು ಸವಾಲುಜವಾಬು. ಈ ಸಂಭಾಷಣೆ ಎಲ್ಲಿ ಕಡಿದುಹೋಯಿತೆಂಬುದನ್ನು ಕಂಡುಹಿಡಿಯುವುದೇ ದೋಷ ಪರೀಕ್ಷೆ.

ಕೊಂಡಿಗಳ ಚರಿತ್ರೆ

೧೯೮೧ನೆಯ ಆಗಸ್ಟ್ ತಿಂಗಳಿನಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಪರ್ಸನಲ್ ಕಂಪ್ಯೂಟರಿಗೆ ೬೩.೫ ವ್ಯಾಟಿನ ಪೆಟ್ಟಿಗೆ ಸಾಕಾಗಿತ್ತು. ಆ ಪೀಳಿಗೆಯ ಯಂತ್ರಗಳಲ್ಲಿ ತಾಯಿಹಲಗೆಗೆ ಹೋಗುವ ತಂತಿಗಳು ಎರಡು ಕೊಂಡಿಗಳಾಗಿ ಬರುತ್ತಿದ್ದವು. ಅವು ನೋಡಲು ಒಂದೇ ತೆರನಾಗಿದ್ದು ಅಕ್ಕಪಕ್ಕದಲ್ಲಿ ಕೂರುತ್ತಿದ್ದುದರಿಂದ, ಎಡಬಲಗಳನ್ನು ಅದಲುಬದಲು ಮಾಡಿದರೆ ಹಲಗೆ ಸುಟ್ಟುಹೋಗುವ ಸಂಭವವಿತ್ತು. ‘ಕಪ್ಪು ತಂತಿಗಳು ನಡುವೆ ಸೇರಲಿ’ ಎಂಬ ಸೂತ್ರವನ್ನು ಕೆಲಸಗಾರರು ಬಾಯಿಪಾಠ ಮಾಡಿಟ್ಟುಕೊಳ್ಳುತ್ತಿದ್ದರು. ೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಹೊಸ ಪದ್ಧತಿಯನ್ನು ಪ್ರಕಟಿಸಿತು. ಅದರಲ್ಲಿ ೨೦ ಪಿನ್ನುಗಳ ಒಂದೇ ಕೊಂಡಿ; ತಪ್ಪು ದಿಕ್ಕಿನಲ್ಲಿ ಅದು ಹೋಗುವಂತೆಯೇ ಇರಲಿಲ್ಲ. ೨೦೦೦ದಲ್ಲಿ ಪ್ರೊಸೆಸರಿಗೆಂದೇ ೪ ಪಿನ್ನಿನ ಪ್ರತ್ಯೇಕ ಕೊಂಡಿ ಸೇರಿತು. ೨೦೦೩ರಲ್ಲಿ ದೊಡ್ಡ ಕೊಂಡಿಯ ಪಿನ್ನುಗಳು ೨೪ ಆದವು. ಇಂದಿನ ಹಲಗೆಗಳಲ್ಲಿ ಪ್ರೊಸೆಸರಿನ ಕೊಂಡಿ ಸಾಮಾನ್ಯವಾಗಿ ೮ ಪಿನ್ನಿನದು. ಈ ಚರಿತ್ರೆಯನ್ನು ಹೇಳಿದುದು ಕಾರಣವಿಲ್ಲದೆ ಅಲ್ಲ. ಕೆಲಸ ಮಾಡಲು ಎರಡು ಕೊಂಡಿಗಳು ಬೇಕು, ಒಂದಲ್ಲ ಎಂಬುದನ್ನು ನೆನಪಿನಲ್ಲಿಡಿರಿ.

ಕೈ ಹಾಕುವ ಮುನ್ನ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ಗೋಡೆಯ ಸ್ವಿಚ್ಚನ್ನು ಆರಿಸಿ, ಮೂರು ಪಿನ್ನಿನ ಪ್ಲಗ್ಗನ್ನು ಕಿತ್ತು ಹೊರಗಿಡಬೇಕು. ಅನಂತರ ಯಂತ್ರದ ಮುಂಭಾಗದ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಹಲಗೆಯಲ್ಲಿ ಉಳಿದಿರುವ ವಿದ್ಯುತ್ತು ಇದರಿಂದ ಇಳಿದುಹೋಗುತ್ತದೆ. ಕೈಯನ್ನು ಯಂತ್ರದ ಬಣ್ಣವಿಲ್ಲದ ಲೋಹದ ಚೌಕಟ್ಟಿಗೆ ತಾಗಿಸಿ, ಮೈಯಲ್ಲಿರಬಹುದಾದ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಆ ಬಳಿಕ ಒಳಗಿನ ಭಾಗಗಳನ್ನು ಮುಟ್ಟಬೇಕು.

ವಿದ್ಯುತ್ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಎಂದೆಂದಿಗೂ ಬಿಚ್ಚಕೂಡದು. ೨೩೦ ವೋಲ್ಟೆಂಬುದು ಪರ್ಯಾಯ ಪ್ರವಾಹದ ಕಾರ್ಯಕಾರಿ ಬೆಲೆ. ಅದರ ಶಿಖರ ಬೆಲೆ ಸುಮಾರು ೩೨೫ ವೋಲ್ಟು. ಪೆಟ್ಟಿಗೆಯೊಳಗಿನ ದೊಡ್ಡ ಕೆಪಾಸಿಟರು ೩೦೦ ವೋಲ್ಟಿಗೂ ಮೀರಿದ ಒತ್ತಡವನ್ನು ಪ್ಲಗ್ಗನ್ನು ಕಿತ್ತ ಮೇಲೆಯೂ ಹಿಡಿದಿಟ್ಟುಕೊಂಡಿರಬಲ್ಲುದು. ಪ್ಲಗ್ಗು ಹೊರಗಿದೆಯೆಂಬ ಧೈರ್ಯದಿಂದ ಕೈಯಿಟ್ಟವನ ಪ್ರಾಣಕ್ಕೆ ಇದರಿಂದ ಅಪಾಯವುಂಟು. ಹಳೆಯ ಪೆಟ್ಟಿಗೆಗೂ ಈ ನಿಯಮ ಅನ್ವಯಿಸುತ್ತದೆ. ವಿದ್ಯಾರ್ಥಿಗಳು ಇಲ್ಲಿ ಹೇಳಿದ ಯಾವ ಪರೀಕ್ಷೆಯನ್ನೂ ಹಿರಿಯರು ಎದುರಿಗಿಲ್ಲದೆ ಮಾಡತಕ್ಕದ್ದಲ್ಲ.

ಯಂತ್ರದ ನಾಲ್ಕು ಸ್ಥಿತಿಗಳು

ಹೊಸ ಪೆಟ್ಟಿಗೆಯನ್ನು ಹಾಕಿ ಗುಂಡಿಯನ್ನೊತ್ತಿದಾಗ ಯಂತ್ರವು ನಾಲ್ಕು ವಿಧಗಳಲ್ಲಿ ವರ್ತಿಸಬಹುದು. ಯಾವ ವಿಧವೆಂದು ಮೊದಲು ನೋಡಿ ತಿಳಿದುಕೊಂಡರೆ ಹುಡುಕುವ ಕೆಲಸ ಕಾಲುಭಾಗಕ್ಕೆ ಇಳಿಯುತ್ತದೆ.

ಮೊದಲನೆಯದು ಪೂರ್ಣ ಮೌನ. ಬೀಸಣಿಗೆ ತಿರುಗದು, ದೀಪ ಹತ್ತದು. ಹೀಗಿರುವಲ್ಲಿ ಹೊರಗಿನಿಂದ ಒಳಕ್ಕೆ ಬರಬೇಕು. ಗೋಡೆಯ ಸಾಕೆಟ್ಟಿನಲ್ಲಿ ವಿದ್ಯುತ್ತಿದೆಯೇ? ಅಲ್ಲಿ ಒಂದು ಮೇಜುದೀಪವನ್ನು ಹಾಕಿ ನೋಡಿರಿ. ಪೆಟ್ಟಿಗೆಯ ಹಿಂದಿನ ಸ್ವಿಚ್ಚು ಹಾಕಿದೆಯೇ? ಹಳೆಯ ಬಗೆಯ ಕೆಲವು ಪೆಟ್ಟಿಗೆಗಳಿಗೆ ೧೧೫ ಮತ್ತು ೨೩೦ ಎಂದು ಬರೆದ ಕೆಂಪು ಕೀಲಿಯೊಂದಿರುತ್ತದೆ. ಪ್ಲಗ್ಗನ್ನು ಹಾಕುವುದಕ್ಕಿಂತ ಮೊದಲೇ ಅದು ೨೩೦ರಲ್ಲಿದೆಯೆಂದು ನೋಡಿಕೊಳ್ಳಬೇಕು. ನಮ್ಮ ದೇಶದ ವಿದ್ಯುತ್ತಿಗೆ ಅದನ್ನು ೧೧೫ರಲ್ಲಿಟ್ಟರೆ ಹೊಸ ಪೆಟ್ಟಿಗೆ ಆ ಕ್ಷಣದಲ್ಲೇ ಸಿಡಿದು ಹಾಳಾಗಬಹುದು. ಇವೆಲ್ಲ ಸರಿಯಿದ್ದರೆ, ಪ್ಲಗ್ಗನ್ನು ಕಿತ್ತು, ೨೪ ಪಿನ್ನಿನ ಕೊಂಡಿಯನ್ನು ತೆಗೆದು ಮತ್ತೆ ಕೂರಿಸಬೇಕು. ಅದರ ಪಕ್ಕದ ಕೊಕ್ಕೆ ‘ಟಕ್’ ಎಂದು ಸಿಕ್ಕಿಕೊಳ್ಳುವವರೆಗೆ ಅದು ಪೂರ್ಣವಾಗಿ ಕುಳಿತಿಲ್ಲವೆಂದೇ ಅರ್ಥ. ಮುಂಭಾಗದ ಗುಂಡಿಯಿಂದ ಹಲಗೆಗೆ ಬರುವ ಎಳೆಯಂತಹ ಎರಡು ತಂತಿಗಳೂ ಈ ಕೆಲಸದ ನಡುವೆ ಕೈ ತಗಲಿ ಕಳಚಿರಬಹುದು. ಅವು ಕಳಚಿದ್ದರೆ ಪೆಟ್ಟಿಗೆಗೆ ‘ಏಳು’ ಎಂಬ ಮಾತೇ ತಲುಪದು.

ಎರಡನೆಯದು ಕ್ಷಣಿಕ ಚಲನೆ. ಬೀಸಣಿಗೆ ಅರೆಕ್ಷಣ ತಿರುಗಿ ನಿಂತುಬಿಡುತ್ತದೆ. ಎಲ್ಲಿಯೋ ವಿದ್ಯುತ್ತು ಅಡ್ಡದಾರಿ ಹಿಡಿದು ಹರಿಯುವುದನ್ನು ಕಂಡು ಪೆಟ್ಟಿಗೆಯೇ ತನ್ನ ಬಾಗಿಲನ್ನು ಮುಚ್ಚಿಕೊಂಡಿತೆಂದು ಇದರಿಂದ ಊಹಿಸಬಹುದು. ಇದು ರೋಗವಲ್ಲ, ರಕ್ಷಣೆ. ಹಲಗೆಯ ಕೆಳಗೆ ಬಿದ್ದ ಒಂದು ತಿರುಪು ಮೊಳೆ, ಲೋಹಕ್ಕೆ ಒತ್ತಿ ಸಿಪ್ಪೆ ಸುಲಿದ ಒಂದು ತಂತಿ, ಓರೆಯಾಗಿ ಕುಳಿತ ಒಂದು ಕೊಂಡಿ ಇದಕ್ಕೆ ಕಾರಣವಾಗಬಲ್ಲದು. ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಹಟ ಹಿಡಿಯಬಾರದು. ಪ್ಲಗ್ಗನ್ನು ಕಿತ್ತು ಒಂದೆರಡು ನಿಮಿಷ ಬಿಟ್ಟು, ಡಿಸ್ಕು ಮುಂತಾದ ಅವಶ್ಯವಲ್ಲದ ಭಾಗಗಳ ತಂತಿಗಳನ್ನೆಲ್ಲ ಬಿಡಿಸಿ ನೋಡಬೇಕು. ಆಗ ಯಂತ್ರ ಎದ್ದರೆ, ಬಿಡಿಸಿದ ಭಾಗಗಳನ್ನು ಒಂದೊಂದಾಗಿ ಮರಳಿ ಸೇರಿಸುತ್ತ ಬರಬೇಕು. ಯಾವುದನ್ನು ಸೇರಿಸಿದಾಗ ಯಂತ್ರ ನಿಂತಿತೋ ಅಲ್ಲಿ ದೋಷವಿದೆ.

ಮೂರನೆಯದು ಕತ್ತಲ ತೆರೆ. ಬೀಸಣಿಗೆಗಳು ತಿರುಗುತ್ತವೆ, ದೀಪಗಳು ಹೊಳೆಯುತ್ತವೆ, ತೆರೆಯಲ್ಲಿ ಮಾತ್ರ ಏನೂ ಕಾಣದು. ಹೊಸಬರನ್ನು ಹೆಚ್ಚಾಗಿ ದಾರಿ ತಪ್ಪಿಸುವುದು ಇದೇ. ‘ಬೀಸಣಿಗೆ ತಿರುಗುತ್ತಿದೆ, ಆದುದರಿಂದ ವಿದ್ಯುತ್ತು ಸರಿಯಾಗಿದೆ’ ಎಂಬ ತರ್ಕ ಮೇಲುನೋಟಕ್ಕೆ ನಿರ್ದುಷ್ಟವೆಂದು ತೋರುತ್ತದೆ. ಆದರೆ ಬೀಸಣಿಗೆಗಳಿಗೆ ವಿದ್ಯುತ್ತು ಹೋಗುವುದು ೨೪ ಪಿನ್ನಿನ ದಾರಿಯಿಂದ. ಪ್ರೊಸೆಸರಿಗೆ ಹೋಗುವುದು ೮ ಪಿನ್ನಿನ ಬೇರೆ ದಾರಿಯಿಂದ. ಒಂದು ದಾರಿ ತೆರೆದಿದ್ದು ಇನ್ನೊಂದು ಮುಚ್ಚಿರಬಹುದಲ್ಲವೆ? ಆ ಕೊಂಡಿಯನ್ನು ಮೊದಲು ನೋಡಬೇಕು. ತರುವಾಯ ಚಿತ್ರಗಳನ್ನು ತೆರೆಗೆ ಕಳುಹಿಸುವ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಆದ ೬ ಅಥವಾ ೮ ಪಿನ್ನಿನ ಕೊಂಡಿಯಿದ್ದರೆ ಅದನ್ನು ನೋಡಬೇಕು. ತೆರೆಯ ತಂತಿಯನ್ನು ಕಾರ್ಡಿಗೆ ಸಿಕ್ಕಿಸುವ ಬದಲು ಹಲಗೆಯ ಹಿಂದಿನ ಕಿಂಡಿಗೆ ಸಿಕ್ಕಿಸಿದ್ದೇವೆಯೋ ಎಂದು ಪರೀಕ್ಷಿಸಬೇಕು. ಕೊನೆಗೆ ರ್‍ಯಾಮ್ ಎಂಬ ಸ್ಮೃತಿಪಟ್ಟಿಗಳನ್ನು ತೆಗೆದು, ಒಂದನ್ನು ಮಾತ್ರ ಗಟ್ಟಿಯಾಗಿ ಕೂರಿಸಿ ನೋಡಬೇಕು. ಈಚಿನ ಹಲಗೆಗಳಲ್ಲಿ ಪ್ರೊಸೆಸರ್, ಸ್ಮೃತಿ, ಚಿತ್ರ, ಡಿಸ್ಕು ಎಂಬ ನಾಲ್ಕಕ್ಕೂ ಒಂದೊಂದು ಸಣ್ಣ ದೀಪವಿರುವುದುಂಟು. ಯಾವ ದೀಪ ಆರದೆ ನಿಂತಿದೆಯೋ ಅದು ದೋಷದ ದಿಕ್ಕನ್ನು ತೋರಿಸುತ್ತದೆ.

ಇಲ್ಲಿ ತಾಳ್ಮೆಯೂ ಒಂದು ಉಪಕರಣವೇ. ಹಲಗೆಯಲ್ಲಿ ನಾಣ್ಯದಾಕಾರದ ೩ ವೋಲ್ಟಿನ ಸೆಲ್ಲೊಂದಿದೆ. ಯಂತ್ರದ ಗಡಿಯಾರವನ್ನು ನಡೆಸುವುದು ಅದು. ಪೆಟ್ಟಿಗೆಯನ್ನು ಬದಲಿಸುವಾಗ ಯಂತ್ರವು ಬಹಳ ಹೊತ್ತು ವಿದ್ಯುತ್ತಿಲ್ಲದೆ ಇದ್ದು, ಆ ಸೆಲ್ಲೂ ಬರಿದಾಗಿದ್ದರೆ, ದಿನಾಂಕವೂ ಕೆಲವು ಏರ್ಪಾಡುಗಳೂ ಅಳಿಸಿಹೋಗಬಹುದು. ೨೦೨೧ರಿಂದೀಚೆಗೆ ಬಂದ ಡಿಡಿಆರ್ ೫ ಎಂಬ ಬಗೆಯ ಸ್ಮೃತಿಯುಳ್ಳ ಯಂತ್ರಗಳು ಅಂತಹ ಸಂದರ್ಭದಲ್ಲಿ ತಮ್ಮ ಸ್ಮೃತಿಯನ್ನು ಮೊದಲಿನಿಂದ ಅಳೆದು ಹೊಂದಿಸಿಕೊಳ್ಳುತ್ತವೆ. ಕೆಲವು ನಿಮಿಷಗಳವರೆಗೆ ತೆರೆ ಕತ್ತಲಾಗಿಯೇ ಇರಬಹುದು. ಅಷ್ಟರೊಳಗೆ ಯಂತ್ರವನ್ನು ಆರಿಸಿಬಿಟ್ಟರೆ ಆ ಕೆಲಸ ಮತ್ತೆ ಮೊದಲಿನಿಂದ ನಡೆಯಬೇಕಾಗುತ್ತದೆ.

ನಾಲ್ಕನೆಯದು ಎದ್ದು ಬೀಳುವ ಯಂತ್ರ. ಸಾಧಾರಣ ಬರವಣಿಗೆಗೆ ಸರಿಯಾಗಿ ನಡೆದು, ಭಾರವಾದ ಕೆಲಸ ಬಂದೊಡನೆ ಆರಿಹೋಗುತ್ತದೆ. ಹೊಸ ಪೆಟ್ಟಿಗೆಗೆ ಹೊರೆ ಹೆಚ್ಚಾಯಿತೋ ಎಂದು ಲೆಕ್ಕ ಹಾಕಿ ನೋಡಬೇಕು. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನಂಬಿ ಕೂರದೆ, ಚೀಟಿಯಲ್ಲಿ ೧೨ ವೋಲ್ಟಿನ ಸಾಲಿಗೆ ಎಷ್ಟು ಆಂಪೇರ್ ಎಂದು ಬರೆದಿದೆಯೋ ಅದನ್ನು ೧೨ರಿಂದ ಗುಣಿಸಿರಿ. ೧೮ ಆಂಪೇರ್ ಎಂದಿದ್ದರೆ ೨೧೬ ವ್ಯಾಟು ದೊರೆಯುತ್ತದೆ. ಪ್ರೊಸೆಸರಿಗೆ ೬೫, ಗ್ರಾಫಿಕ್ಸ್ ಕಾರ್ಡಿಗೆ ೧೫೦, ಉಳಿದವಕ್ಕೆ ೫೦ ವ್ಯಾಟು ಬೇಕೆಂದು ಇಟ್ಟುಕೊಂಡರೆ ಮೊತ್ತ ೨೬೫. ಅವುಗಳಲ್ಲಿ ಬಹುಪಾಲು ೧೨ ವೋಲ್ಟಿನ ಸಾಲಿನಿಂದಲೇ ಬರಬೇಕು. ಪೆಟ್ಟಿಗೆಯ ಮೇಲೆ ೪೫೦ ಎಂದು ಮುದ್ರಿಸಿದ್ದರೂ ಈ ಹೊರೆಯನ್ನು ಅದು ಹೊರಲಾರದು.

ಒಂದು ಉದಾಹರಣೆ

ಭೀಮುನಿಪಟ್ಟಣದ ಕಡಲ ಬದಿಯ ಒಂದು ಮನೆಯಲ್ಲಿ ಎಂಟು ವರ್ಷದ ಹಳೆಯ ಯಂತ್ರವಿದೆಯೆಂದು ಭಾವಿಸೋಣ. ಗುಡುಗುಮಿಂಚಿನ ರಾತ್ರಿಯ ಮರುದಿನ ಅದು ಏಳಲಿಲ್ಲ. ಮನೆಯ ಹುಡುಗಿ ವಿಶಾಖಪಟ್ಟಣದಿಂದ ಹೊಸ ಪೆಟ್ಟಿಗೆಯನ್ನು ತರಿಸಿ ಹಾಕಿದಳು. ಬೀಸಣಿಗೆ ತಿರುಗಿತು; ತೆರೆ ಕತ್ತಲಾಗಿಯೇ ಉಳಿಯಿತು. ‘ಸಿಡಿಲು ಹಲಗೆಯನ್ನೂ ಸುಟ್ಟಿತು, ಹೊಸ ಯಂತ್ರವನ್ನೇ ಕೊಳ್ಳಬೇಕು’ ಎಂದು ನೆರೆಯವರು ಹೇಳಿದರು. ಹುಡುಗಿ ಒಂದು ಕಾಗದದ ಮೇಲೆ ತಾನು ಮುಟ್ಟಿದ ಕೊಂಡಿಗಳನ್ನೆಲ್ಲ ಬರೆದಳು: ದೊಡ್ಡದೊಂದು, ಡಿಸ್ಕಿನದೊಂದು, ಪ್ರೊಸೆಸರಿನದೊಂದು. ಮೊದಲಿನ ಎರಡರ ಮುಂದೆ ‘ಹಾಕಿದೆ’ ಎಂದು ಗುರುತು ಮಾಡಿದಳು. ಮೂರನೆಯದನ್ನು ತೆಗೆದದ್ದು ನೆನಪಿತ್ತು, ಹಾಕಿದ್ದು ನೆನಪಿರಲಿಲ್ಲ. ಪ್ಲಗ್ಗನ್ನು ಕಿತ್ತು ದೀಪ ಹಿಡಿದು ನೋಡಿದಾಗ, ಹಲಗೆಯ ಮೇಲ್ಮೂಲೆಯಲ್ಲಿ, ಪ್ರೊಸೆಸರಿನ ಬೀಸಣಿಗೆಯ ಮರೆಯಲ್ಲಿ, ಆ ಕೊಂಡಿಯ ಗುಳಿ ಬರಿದಾಗಿತ್ತು. ತಂತಿಯು ಪೆಟ್ಟಿಗೆಯ ಕೆಳಗೆ ಮಡಿಸಿಕೊಂಡು ಬಿದ್ದಿತ್ತು. ಗುಳಿಯ ಮೇಲಿನ ಧೂಳನ್ನು ಒಣ ಕುಂಚದಿಂದ ಗುಡಿಸಿ ಕೊಂಡಿಯನ್ನು ಕೂರಿಸಿದ ಮೇಲೆ ತೆರೆ ಬೆಳಗಿತು.

ಇಲ್ಲಿ ಕೆಲಸಕ್ಕೆ ಬಂದುದು ದುಬಾರಿಯಾದ ಉಪಕರಣವಲ್ಲ. ಏನನ್ನು ಮುಟ್ಟಿದೆವು ಎಂಬುದರ ಪಟ್ಟಿ. ಆ ಪಟ್ಟಿಯನ್ನು ಕನ್ನಡದಲ್ಲಿ ಬರೆದರೇನು, ತೆಲುಗಿನಲ್ಲಿ ಬರೆದರೇನು? ಕನ್ನಡದಲ್ಲಿ ಓದಿದವರಿಗೆ ಇಂತಹ ಯಂತ್ರಗಳ ವಿಷಯ ನಿಲುಕದೆಂದು ಕೆಲವರು ತಿಳಿದಿದ್ದಾರೆ. ಭಾಗಗಳ ಹೆಸರುಗಳು ಇಂಗ್ಲಿಷಿನಿಂದ ಬಂದಿರಬಹುದು; ಕಾರಣದಿಂದ ಕಾರ್ಯಕ್ಕೆ ನಡೆಯುವ ವಿಚಾರಕ್ಕೆ ಮಾತ್ರ ಯಾವ ಭಾಷೆಯೂ ಒಡೆಯನಲ್ಲ.

ಬೆರಸಬಾರದ ತಂತಿಗಳು

ಈಗ ಒಂದು ಗಂಭೀರವಾದ ಎಚ್ಚರಿಕೆಯನ್ನು ಹೇಳಬೇಕಾಗಿದೆ. ಈಚಿನ ಕೆಲವು ಪೆಟ್ಟಿಗೆಗಳ ತಂತಿಗಳು ಪೆಟ್ಟಿಗೆಯಿಂದಲೂ ಬಿಡಿಸಿಕೊಳ್ಳುವಂತಿರುತ್ತವೆ. ಬೇಕಾದಷ್ಟು ತಂತಿಗಳನ್ನೇ ಹಾಕಿಕೊಳ್ಳಬಹುದೆಂಬುದು ಇದರ ಅನುಕೂಲ. ಪೆಟ್ಟಿಗೆ ಕೆಟ್ಟಾಗ, ತಂತಿಗಳು ಈಗಾಗಲೇ ಒಳಗೆ ಅಂದವಾಗಿ ಹರಿದಿವೆಯೆಂದು, ಅವನ್ನು ಹಾಗೆಯೇ ಬಿಟ್ಟು ಹೊಸ ಪೆಟ್ಟಿಗೆಗೆ ಸಿಕ್ಕಿಸುವ ಆಸೆಯಾಗುವುದು ಸಹಜ. ಹಾಗೆ ಮಾಡಲೇಬಾರದು. ಹಲಗೆಯ ಕಡೆಯ ತುದಿಗೆ ಸರ್ವಸಮ್ಮತವಾದ ನಿಯಮವಿದೆ. ಪೆಟ್ಟಿಗೆಯ ಕಡೆಯ ತುದಿಗೆ ಅಂತಹ ನಿಯಮವಿಲ್ಲ. ಒಬ್ಬ ತಯಾರಕನು ೫ ವೋಲ್ಟನ್ನಿಟ್ಟ ಜಾಗದಲ್ಲಿ ಇನ್ನೊಬ್ಬನು ೧೨ ವೋಲ್ಟನ್ನಿಟ್ಟಿರಬಹುದು. ಒಂದೇ ತಯಾರಕನ ಎರಡು ಮಾದರಿಗಳಲ್ಲಿಯೂ ಇದು ಬೇರೆಯಾಗಿರುವುದುಂಟು. ಕೊಂಡಿ ಚೆನ್ನಾಗಿಯೇ ಕೂರುತ್ತದೆ. ಗುಂಡಿಯನ್ನೊತ್ತಿದೊಡನೆ ಡಿಸ್ಕು ಸುಟ್ಟುಹೋಗುತ್ತದೆ. ೧೯೯೫ರ ಪದ್ಧತಿಯು ಹಲಗೆಯ ಬಳಿ ನಿವಾರಿಸಿದ ಹಳೆಯ ಅಪಾಯವೇ ಈಗ ಪೆಟ್ಟಿಗೆಯ ಬಳಿ ಮತ್ತೆ ತಲೆದೋರಿದೆಯೆನ್ನಬಹುದು.

ಡಿಸ್ಕು ಸುಡುವುದೆಂದರೇನು? ಹಲಗೆ ಹೋದರೆ ಹಣ ಕೊಟ್ಟು ಇನ್ನೊಂದನ್ನು ತರಬಹುದು. ಡಿಸ್ಕಿನಲ್ಲಿರುವುದು ಮನೆಯ ಮದುವೆಯ ಚಿತ್ರಗಳು, ತೀರಿಹೋದ ಅಜ್ಜಿಯ ಕಂಠದ ಹಾಡು, ವರ್ಷಗಟ್ಟಲೆ ಬರೆದ ಟಿಪ್ಪಣಿ. ಅವು ಯಾವ ಅಂಗಡಿಯಲ್ಲಿಯೂ ದೊರೆಯವು. ಊರು ಬಿಟ್ಟು ಊರು ಸೇರಿದ ಕುಟುಂಬಗಳಲ್ಲಿ, ಹಿಂದಿನ ಮನೆಯ ಗುರುತಾಗಿ ಉಳಿದಿರುವುದು ಎಷ್ಟೋ ವೇಳೆ ಇಷ್ಟೇ. ಆದುದರಿಂದ ಹೊಸ ಪೆಟ್ಟಿಗೆಯೊಡನೆ ಬಂದ ಹೊಸ ತಂತಿಗಳನ್ನೇ ಉಪಯೋಗಿಸಬೇಕು. ಮೊದಲ ಸಲ ಗುಂಡಿಯನ್ನು ಒತ್ತುವಾಗ ಡಿಸ್ಕಿನ ತಂತಿಯನ್ನು ಬಿಡಿಸಿಟ್ಟಿದ್ದು, ತೆರೆ ಬೆಳಗುವುದನ್ನು ಕಂಡ ಮೇಲೆ, ಯಂತ್ರವನ್ನು ಆರಿಸಿ ಪ್ಲಗ್ಗನ್ನು ಕಿತ್ತು ಡಿಸ್ಕನ್ನು ಸೇರಿಸುವುದು ಇನ್ನೂ ಕ್ಷೇಮ. ಬೆಲೆಯುಳ್ಳ ಬರಹಗಳ ಒಂದು ಪ್ರತಿ ಬೇರೊಂದು ಕಡೆ ಇರುವುದು ಎಲ್ಲಕ್ಕಿಂತ ಕ್ಷೇಮ.

ಯಾವಾಗ ನಿಲ್ಲಿಸಬೇಕು

ಸುಟ್ಟ ವಾಸನೆ, ಹೊಗೆ, ಚಟಪಟ ಶಬ್ದ, ಪೆಟ್ಟಿಗೆಯ ಹೊರಮೈ ಮುಟ್ಟಿದರೆ ಜುಮ್ಮೆನ್ನುವುದು: ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ವಿದ್ಯುತ್ತನ್ನು ಕಡಿಯಬೇಕು. ಜುಮ್ಮೆನ್ನುವುದು ಅನೇಕ ವೇಳೆ ಗೋಡೆಯ ಸಾಕೆಟ್ಟಿನ ಭೂಸಂಪರ್ಕ ಸರಿಯಿಲ್ಲವೆಂಬುದರ ಸೂಚನೆ; ಅದನ್ನು ಅರ್ಹನಾದ ವಿದ್ಯುತ್ ಕೆಲಸಗಾರನು ನೋಡಬೇಕು. ಮೇಲೆ ಹೇಳಿದ ಕ್ರಮವನ್ನೆಲ್ಲ ಮುಗಿಸಿಯೂ ಯಂತ್ರ ಏಳದಿದ್ದರೆ, ಹೊಸ ಪೆಟ್ಟಿಗೆಯನ್ನು ಅಂಗಡಿಯವನ ಬಳಿ ಒತ್ತಡಮಾಪಕದಿಂದ ಅಳೆಯಿಸಬೇಕು. ಹೊಸದೆಲ್ಲವೂ ಸರಿಯಾಗಿಯೇ ಇರುತ್ತದೆಂದೇನೂ ಇಲ್ಲ. ದುರಸ್ತಿಗಾರನೆದುರು ‘ಕೆಟ್ಟಿದೆ’ ಎಂದಷ್ಟೇ ಹೇಳಬೇಡಿರಿ. ನಾಲ್ಕು ಸ್ಥಿತಿಗಳಲ್ಲಿ ಯಾವುದು, ಏನನ್ನು ಬಿಡಿಸಿದಾಗ ಏನಾಯಿತು ಎಂಬುದನ್ನು ಬರೆದ ಹಾಳೆಯನ್ನು ಅವನ ಕೈಗೆ ಕೊಡಿರಿ. ಅವನ ಅರ್ಧ ದಿನದ ಕೆಲಸ ಉಳಿಯುತ್ತದೆ. ನಿಮ್ಮ ಹಣವೂ ಉಳಿಯುತ್ತದೆ.

ಅಭ್ಯಾಸ

೧. ಬೀಸಣಿಗೆ ತಿರುಗುತ್ತಿದ್ದರೂ ಪ್ರೊಸೆಸರಿಗೆ ವಿದ್ಯುತ್ತು ಹೋಗದೆ ಇರಬಹುದು. ಹೇಗೆ?

೨. ಒಂದು ಪೆಟ್ಟಿಗೆಯ ೧೨ ವೋಲ್ಟಿನ ಸಾಲಿಗೆ ೩೦ ಆಂಪೇರ್ ಎಂದು ಬರೆದಿದೆ. ಆ ಸಾಲು ಎಷ್ಟು ವ್ಯಾಟುಗಳನ್ನು ಕೊಡಬಲ್ಲುದು? ಪಾಠದಲ್ಲಿ ಹೇಳಿದ ೨೬೫ ವ್ಯಾಟಿನ ಯಂತ್ರಕ್ಕೆ ಅದು ಸಾಕೇ?

೩. ಒತ್ತಡಮಾಪಕವು ೧೨ ವೋಲ್ಟಿನ ತಂತಿಯಲ್ಲಿ ೧೧.೨ ಎಂದು ತೋರಿಸಿತು. ಪೆಟ್ಟಿಗೆ ನಿಯಮದೊಳಗಿದೆಯೇ?

೪. ಹಳೆಯ ಪೆಟ್ಟಿಗೆಯ ತಂತಿ ಹೊಸ ಪೆಟ್ಟಿಗೆಗೆ ಚೆನ್ನಾಗಿ ಕುಳಿತರೂ ಅದನ್ನು ಏಕೆ ಉಪಯೋಗಿಸಬಾರದು?

೫. ನಿಮ್ಮ ಮನೆಯ ಅಥವಾ ಶಾಲೆಯ ಯಂತ್ರವೊಂದರ ಹಿಂಭಾಗದಲ್ಲಿರುವ ತಂತಿಗಳನ್ನು, ಯಾವುದನ್ನೂ ಕೀಳದೆ, ನೋಡಿ ಪಟ್ಟಿ ಮಾಡಿರಿ. ಪ್ರತಿಯೊಂದೂ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬರೆಯಿರಿ.